ಬೇಲಿ, ಬೆಸುಗೆ, ಘಾಟಿ ರಸ್ತೆ: ಮೂರಕ್ಕೂ ತಾಳುವ ಚರ್ಮದ ಜಾಕೆಟ್ ಯಾವುದು?

ಮುಳ್ಳುತಂತಿ (ಪುಣೆ)

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕೋಡಿ ಕಡೆಯವನು. ಪುಣೆಯಲ್ಲಿದ್ದುಕೊಂಡು ಮುಳಶಿ, ಭೋರ್, ಮಾವಳ ತಾಲ್ಲೂಕುಗಳ ತೋಟಗಳಿಗೆ ಮುಳ್ಳುತಂತಿ ಬೇಲಿ ಹಾಕುವ, ಕಬ್ಬಿಣದ ಗೇಟು ಮತ್ತು ಶೆಡ್ಡು ಕಟ್ಟಿಕೊಡುವ ಕೆಲಸ ಮಾಡುತ್ತೇನೆ. ಜಾಲಿ, ಕವಳಿ, ಲಂಟಾನಾ ಪೊದೆಗಳ ನಡುವೆ ಕಂಬ ನೆಡುವುದು, ತಂತಿಯ ಸುರುಳಿಯನ್ನು ಹೆಗಲ ಮೇಲೆ ಹೊತ್ತು ಗುಡ್ಡ ಹತ್ತುವುದು, ಸ್ಥಳದಲ್ಲಿಯೇ ಬೆಸುಗೆ ಹಾಕುವುದು, ಸಂಜೆ ಬೈಕಿನಲ್ಲಿ ಘಾಟಿ ಇಳಿದು ಮನೆ ಸೇರುವುದು ನನ್ನ ದಿನಚರಿ. ಕಳೆದ ವರ್ಷ ಮಾಲ್ ಒಂದರಲ್ಲಿ ಕೊಂಡ ಜಾಕೆಟ್ಟಿನ ಮೇಲೆ ‘ಜೆನ್ಯುಯಿನ್ ಲೆದರ್’ ಎಂಬ ಮುದ್ರೆ ಇತ್ತು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಅದರ ಮೇಲ್ಪದರ ಹಪ್ಪಳ ಹಪ್ಪಳವಾಗಿ ಏಳತೊಡಗಿತು; ಮೊಣಕೈ ಬಳಿ ಒಳಗಿನ ಬಟ್ಟೆಯೇ ಕಾಣಿಸುತ್ತಿದೆ.

ಈ ಸಲ ಹಣ ಹೆಚ್ಚಾದರೂ ಚಿಂತೆಯಿಲ್ಲ, ಹತ್ತು ವರ್ಷ ಬಾಳುವಂಥದ್ದು ಬೇಕು. ಯಾವ ಪ್ರಾಣಿಯ ಚರ್ಮ, ಎಷ್ಟು ದಪ್ಪ, ಹೊಲಿಗೆಯಲ್ಲಿ ಏನು ನೋಡಬೇಕು, ಅಂಗಡಿಯಲ್ಲಿ ಕೊಳ್ಳಬೇಕೋ ಅಳತೆ ಕೊಟ್ಟು ಹೊಲಿಸಬೇಕೋ ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು. ನಮ್ಮ ಕಡೆಯ ಚಪ್ಪಲಿಗಳಂತೆ ಗಿಡದ ತೊಗಟೆಯಿಂದ ಹದ ಮಾಡಿದ ಚರ್ಮದ ಜಾಕೆಟ್ ಸಿಕ್ಕರೆ ಇನ್ನೂ ಒಳ್ಳೆಯದು ಎಂಬ ಆಸೆಯೂ ಇದೆ.

ಭೋಸರಿ ಸುರಕ್ಷತೆ (ಪಿಂಪ್ರಿ-ಚಿಂಚವಡ)

ಸರ್, ಮೊದಲು ಹಳೆಯ ಜಾಕೆಟ್ಟಿಗೆ ಏನಾಯಿತು ಎಂಬುದನ್ನು ತಿಳಿದುಕೊಂಡರೆ ಹೊಸದರಲ್ಲಿ ಏನು ಬೇಡ ಎಂಬುದು ಸ್ಪಷ್ಟವಾಗುತ್ತದೆ. ಹಪ್ಪಳವಾಗಿ ಎದ್ದದ್ದು ಚರ್ಮವಲ್ಲ, ಪಾಲಿಯುರೇಥೇನ್ ಲೇಪನ. ಬಟ್ಟೆಯ ಮೇಲೆ, ಇಲ್ಲವೇ ಚರ್ಮದ ಪುಡಿಯನ್ನು ಅಂಟಿನಲ್ಲಿ ಕಲಸಿ ಮಾಡಿದ ಹಾಳೆಯ ಮೇಲೆ ಈ ಲೇಪನವನ್ನು ಹಚ್ಚಿ, ಅಚ್ಚೊತ್ತಿ, ಚರ್ಮದ ಗೆರೆಗಳನ್ನು ಮೂಡಿಸಿರುತ್ತಾರೆ. ಅಗ್ಗದ ಪಾಲಿಯುರೇಥೇನ್ ಗಾಳಿಯ ತೇವವನ್ನು ಹೀರಿಕೊಂಡು ಒಳಗಿನಿಂದಲೇ ಒಡೆಯುತ್ತದೆ. ಶಾಖ ಮತ್ತು ಬೆವರು ಸೇರಿದರೆ ಈ ಕ್ರಿಯೆ ಇನ್ನೂ ಬೇಗ ನಡೆಯುತ್ತದೆ. ಆದ್ದರಿಂದಲೇ ಮುಂಬಯಿ, ಕೊಂಕಣ ಮತ್ತು ಗೋವಾಗಳಲ್ಲಿ ಇಂಥ ಜಾಕೆಟ್ ಕಪಾಟಿನಲ್ಲಿ ಸುಮ್ಮನೆ ತೂಗಿದ್ದರೂ ಸುಲಿಯುತ್ತದೆ. ಅದಕ್ಕೆ ಎಣ್ಣೆ, ಪಾಲಿಶ್ ಏನು ಹಚ್ಚಿದರೂ ಉಪಯೋಗವಿಲ್ಲ.

ಆ ಮುದ್ರೆಯನ್ನು ನಂಬಿ ಕೊಳ್ಳಬೇಡಿ. ಅದು ಹೆಚ್ಚೆಂದರೆ ಎಲ್ಲೋ ಒಂದಿಷ್ಟು ಚರ್ಮ ಇದೆ ಎಂದು ಹೇಳುತ್ತದೆ. ಯಾವ ಪದರ, ಎಷ್ಟು ಗಟ್ಟಿ ಎಂಬುದನ್ನು ಹೇಳುವುದಿಲ್ಲ. ಪ್ರಾಣಿಯ ತೊಗಲನ್ನು ಅಡ್ಡಲಾಗಿ ಸೀಳಿದಾಗ ಕೂದಲಿದ್ದ ಮೇಲ್ಭಾಗದಲ್ಲಿ ಎಳೆಗಳು ಒತ್ತಾಗಿ ಹೆಣೆದುಕೊಂಡಿರುತ್ತವೆ. ಆ ಮೇಲ್ಮೈಯನ್ನು ಉಜ್ಜದೆ ಹಾಗೆಯೇ ಉಳಿಸಿಕೊಂಡದ್ದು ಫುಲ್ ಗ್ರೇನ್. ಗಾಯದ ಗುರುತು ಕಾಣಬಾರದೆಂದು ಉಜ್ಜಿ, ಬಣ್ಣದ ಪದರ ಕೊಟ್ಟದ್ದು ಕರೆಕ್ಟೆಡ್ ಗ್ರೇನ್. ಕೆಳಗೆ ಉಳಿಯುವುದು ಸ್ಪ್ಲಿಟ್. ಅದು ಎರಡು ಕಡೆಯೂ ನಾರುನಾರಾಗಿರುತ್ತದೆ. ನಿಮ್ಮ ಬೇಲಿ ಕೆಲಸಕ್ಕೂ ಸವಾರಿಗೂ ಫುಲ್ ಗ್ರೇನ್ ಬೇಕು. ಬೆಸುಗೆಯ ವಿಷಯ ಬೇರೆಯೇ ಇದೆ, ಅದಕ್ಕೆ ಸಮಯ ಮಾಡಿಕೊಂಡು ಮತ್ತೆ ಬರೆಯುತ್ತೇನೆ.

ಧಾರಾವಿ ಸೂಜಿ (ಮುಂಬಯಿ)

ಧಾರಾವಿಯಲ್ಲಿ ಚರ್ಮದ ಉಡುಪು ಹೊಲಿಯುವುದು ನನ್ನ ಕಸುಬು, ಆದ್ದರಿಂದ ಚರ್ಮದ ಆಯ್ಕೆಯ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕುರಿಯ ಚರ್ಮವನ್ನು ಮೊದಲು ಪಟ್ಟಿಯಿಂದ ತೆಗೆದುಹಾಕಿ. ಅಂಗಡಿಗಳಲ್ಲಿ ತೂಗುವ ಮೃದುವಾದ ಜಾಕೆಟ್ಟುಗಳಲ್ಲಿ ಬಹುಪಾಲು ಕುರಿಯವೇ, ದಪ್ಪ 0.6ರಿಂದ 0.8 ಮಿಲಿಮೀಟರ್ ಇರುತ್ತದೆ. ಕುರಿಯ ತೊಗಲಿನಲ್ಲಿ ಕೊಬ್ಬು ಹೆಚ್ಚು. ಹದ ಮಾಡುವಾಗ ಆ ಕೊಬ್ಬು ಹೋದ ಮೇಲೆ ಮೇಲ್ಪದರಕ್ಕೂ ಒಳಪದರಕ್ಕೂ ನಡುವೆ ಸಡಿಲ ಉಳಿಯುತ್ತದೆ. ಮುಳ್ಳುತಂತಿ ಒಮ್ಮೆ ಸಿಕ್ಕಿಕೊಂಡರೆ ಅದು ಗೀರಿನಲ್ಲಿ ನಿಲ್ಲುವುದಿಲ್ಲ, ಉದ್ದಕ್ಕೂ ಹರಿಯುತ್ತದೆ.

ಆಡಿನ ಚರ್ಮ ಇದಕ್ಕೆ ತದ್ವಿರುದ್ಧ. ಎಳೆಗಳು ಬಿಗಿಯಾಗಿ ಹೆಣೆದಿರುವುದರಿಂದ 0.9ರಿಂದ 1.1 ಮಿಲಿಮೀಟರ್ ದಪ್ಪದಲ್ಲಿಯೇ ಹರಿತಕ್ಕೆ ಬಹಳ ಚೆನ್ನಾಗಿ ತಡೆ ಕೊಡುತ್ತದೆ, ತೂಕವೂ ಕಡಿಮೆ. ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ವಿಮಾನ ಚಾಲಕರ ಜಾಕೆಟ್ಟುಗಳಲ್ಲಿ ಕುದುರೆಯ ಚರ್ಮದ ಜೊತೆಗೆ ಆಡಿನ ಚರ್ಮವನ್ನೂ ಬಳಸುತ್ತಿದ್ದರು. ಒಂದೇ ತೊಡಕೆಂದರೆ ಒಂದು ಆಡಿನ ಚರ್ಮ ನಾಲ್ಕರಿಂದ ಆರು ಚದರಡಿ ಮಾತ್ರ ಇರುತ್ತದೆ, ಆದ್ದರಿಂದ ಬೆನ್ನಿನ ಭಾಗವನ್ನು ಒಂದೇ ತುಂಡಿನಲ್ಲಿ ತೆಗೆಯುವುದು ಕಷ್ಟವಾಗಿ ಜೋಡಣೆಗಳು ಹೆಚ್ಚುತ್ತವೆ.

ಎಮ್ಮೆಯ ಚರ್ಮ ನಮ್ಮಲ್ಲಿ ಎಲ್ಲಕ್ಕಿಂತ ಸುಲಭವಾಗಿ ಸಿಗುವ ದಪ್ಪ ಚರ್ಮ. 2015ರಲ್ಲಿ ಮಹಾರಾಷ್ಟ್ರದಲ್ಲಿ ಎತ್ತು ಮತ್ತು ಹೋರಿಗಳ ವಧೆಗೂ ನಿಷೇಧ ಬಂದ ಮೇಲೆ ಇಲ್ಲಿನ ಮಾರುಕಟ್ಟೆ ಬಹುಮಟ್ಟಿಗೆ ಎಮ್ಮೆಯ ಕಡೆಗೇ ತಿರುಗಿತು. ಮೇಲ್ಮೈ ಒರಟು, ಗೆರೆಗಳು ದೊಡ್ಡವು, ನೋಡಲು ಅಷ್ಟು ನಯವಿಲ್ಲ, ಆದರೆ 1.2 ಮಿಲಿಮೀಟರ್ ದಪ್ಪದ ಒಳ್ಳೆಯ ಎಮ್ಮೆ ಚರ್ಮ ಕಲ್ಲಿಗೆ ಉಜ್ಜಿದರೂ, ಕಂಬಕ್ಕೆ ತಾಗಿದರೂ ಜಗ್ಗುವುದಿಲ್ಲ. ಅದರ ಜಾಕೆಟ್ ಎರಡೂವರೆ ಕಿಲೋಗಿಂತ ಹೆಚ್ಚು ತೂಗಬಹುದು, ಮೊದಮೊದಲು ತೋಳು ಮಡಚಲು ಬಿಗಿ ಎನಿಸುತ್ತದೆ.

ನೀವು ಬರೆದ ಕೆಲಸಕ್ಕೆ ನನ್ನ ಆಯ್ಕೆ ಹೀಗಿದೆ: ಹೆಗಲು, ಬೆನ್ನು, ಹೊರತೋಳು ಎಮ್ಮೆಯ ಫುಲ್ ಗ್ರೇನ್, 1.1ರಿಂದ 1.2 ಮಿಲಿಮೀಟರ್, ಪಕ್ಕೆ, ಕಂಕುಳು, ಒಳತೋಳು ಆಡಿನ ಚರ್ಮ. ಎರಡೂ ಒಂದೇ ಬಣ್ಣಕ್ಕೆ ಸರಿಯಾಗಿ ಹೊಂದದಿದ್ದರೂ ಪರವಾಗಿಲ್ಲ, ಮೈಗೆ ಹೊಂದುತ್ತದೆ. ದರವನ್ನು ಇಲ್ಲಿ ಬರೆಯುವುದಿಲ್ಲ; ಚರ್ಮ ಚದರಡಿಯ ಲೆಕ್ಕದಲ್ಲಿ ಮಾರಾಟವಾಗುತ್ತದೆ, ದರ ಗುಣಕ್ಕೂ ಕಾಲಕ್ಕೂ ತಕ್ಕಂತೆ ಏರಿಳಿಯುತ್ತದೆ. ಆದರೆ ಕತ್ತರಿಸಿ ಉಳಿಯುವ ಚೂರುಗಳನ್ನೂ ಸೇರಿಸಿ ಒಂದು ಜಾಕೆಟ್ಟಿಗೆ ಸುಮಾರು 35ರಿಂದ 45 ಚದರಡಿ ಬೇಕಾಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ, ತೀರಾ ಕಡಿಮೆ ಬೆಲೆಗೆ ಮಾರುವವನ ಬಳಿ ಏನನ್ನು ಕೇಳಬೇಕು ಎಂಬುದು ನಿಮಗೇ ತಿಳಿಯುತ್ತದೆ.

ಅಥಣಿಯವಳು (ಮುಂಬಯಿ)

ಅಣ್ಣ, ನೀವು ಗಿಡದ ಹದದ ಮಾತೆತ್ತಿದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಮನೆತನದಲ್ಲಿ ಹಿರಿಯರು ಚಪ್ಪಲಿ ಕಟ್ಟಿದವರು. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಮತ್ತು ಆಚೆಯ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ, ಹೀಗೆ ಎರಡೂ ರಾಜ್ಯಗಳ ಎಂಟು ಜಿಲ್ಲೆಗಳಿಗೆ ಸೇರಿ 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ನಮಗೆಲ್ಲ ಆದ ಸಂತೋಷ ಇಷ್ಟಿಷ್ಟಲ್ಲ. ಆ ಹದದ ಬಗ್ಗೆ ನನಗಿರುವ ಗೌರವವನ್ನು ಹಾಗೆಯೇ ಇಟ್ಟುಕೊಂಡು ಹೇಳುತ್ತೇನೆ: ನಿಮ್ಮ ಜಾಕೆಟ್ಟಿಗೆ ಅದು ಬೇಡ.

ಜಾಲಿಯ ತೊಗಟೆ, ಅಳಲೆಕಾಯಿ ಮುಂತಾದವುಗಳ ಒಗರಿನಿಂದ ಹದವಾದ ಚರ್ಮ ಗಟ್ಟಿಯಾಗಿ, ಆಕಾರ ಹಿಡಿದು ನಿಲ್ಲುತ್ತದೆ. ಅಂಗಾಲಿಗೆ, ಬೆಲ್ಟಿಗೆ, ಕುದುರೆಯ ಜೀನಿಗೆ, ಉಪಕರಣ ತೂಗುಹಾಕುವ ಸೊಂಟದ ಪಟ್ಟಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆದರೆ ಅದು ನೀರನ್ನು ಬೇಗ ಹೀರುತ್ತದೆ, ಹನಿ ಬಿದ್ದಲ್ಲಿ ಕಲೆ ಉಳಿಯುತ್ತದೆ, ನೆನೆದು ಒಣಗಿದಾಗ ಪೆಡಸಾಗುತ್ತದೆ, ಶಾಖಕ್ಕೆ ಬೇಗ ಮುದುಡುತ್ತದೆ. ತೇವವಿರುವಾಗ ಸುಮಾರು 75ರಿಂದ 85 ಡಿಗ್ರಿ ಸೆಲ್ಸಿಯಸ್ಸಿಗೆ ಅದು ಕುಗ್ಗತೊಡಗಿದರೆ, ಕ್ರೋಮ್ ಹದದ, ಅಂದರೆ ಕ್ರೋಮಿಯಂ ಲವಣದಿಂದ ಹದ ಮಾಡಿದ ಒಳ್ಳೆಯ ಚರ್ಮ ಕುದಿಯುವ ನೀರನ್ನೂ ತಡೆಯುತ್ತದೆ. ಮನೆಯಲ್ಲಿ ಪರೀಕ್ಷಿಸುವ ದಾರಿಯೂ ಇದೇ: ಅಂಗಡಿಯವರಿಂದ ಬೆರಳುದ್ದದ ಚೂರನ್ನು ಕೇಳಿ ಪಡೆದು ಕುದಿಯುವ ನೀರಿಗೆ ಹಾಕಿ ನೋಡಿ. ಸುರುಳಿ ಸುತ್ತಿಕೊಂಡು ಗಟ್ಟಿಯಾದರೆ ಗಿಡದ ಹದ, ಹಾಗೆಯೇ ಉಳಿದರೆ ಕ್ರೋಮ್. ಬಣ್ಣ ಒಳಗಿನವರೆಗೆ ಇಳಿಯದ ಚರ್ಮವಾದರೆ ಕತ್ತರಿಸಿದ ಅಂಚನ್ನು ನೋಡಿದರೂ ಸಾಕು. ಕ್ರೋಮಿನದು ತುಸು ನೀಲಿ-ಬೂದು, ಗಿಡದ್ದು ಕಂದು.

ಕ್ರೋಮ್ ಎಂದರೆ ವಿಷ ಎಂಬ ಮಾತು ಕೇಳಿಬರುತ್ತದೆ. ಹದಕ್ಕೆ ಬಳಸುವುದು ಮೂರು ವೇಲೆನ್ಸಿಯ ಕ್ರೋಮಿಯಂ ಲವಣ. ಮೈಗೆ ತೊಂದರೆ ಕೊಡುವುದು ಆರು ವೇಲೆನ್ಸಿಯದು, ಅದು ಹದ ಸರಿಯಾಗದಿದ್ದಾಗ ಚರ್ಮದಲ್ಲಿ ಹುಟ್ಟಿಕೊಳ್ಳಬಹುದು. ಯುರೋಪಿನಲ್ಲಿ ಮೈಗೆ ತಾಗುವ ಚರ್ಮದ ವಸ್ತುಗಳಲ್ಲಿ ಇದು ಕಿಲೋಗೆ 3 ಮಿಲಿಗ್ರಾಮಿಗಿಂತ ಕಡಿಮೆ ಇರಬೇಕೆಂಬ ನಿಯಮ 2015ರಿಂದ ಇದೆ. ಆದ್ದರಿಂದ ರಫ್ತಿಗೆಂದು ಹದ ಮಾಡಿದ ಚರ್ಮದ ಉಳಿಕೆ ಸಿಕ್ಕರೆ ಅದನ್ನು ಕೊಳ್ಳುವುದು ಲೇಸು. ಚರ್ಮ ಹದ ಮಾಡುವ ಕೆಲಸದಲ್ಲಿ ನಿಜವಾದ ಕಷ್ಟವಿರುವುದು ತೊಡುವವರಿಗಲ್ಲ, ಆ ನೀರು ಹರಿಯುವ ಊರಿನವರಿಗೆ. ಅದೂ ನಮ್ಮ ಮನಸ್ಸಿನಲ್ಲಿರಬೇಕು.

ಘಾಟಿ ಸವಾರ (ಪುಣೆ)

ಚರ್ಮದ ಬಗ್ಗೆ ಮೇಲಿನವರು ಬರೆದದ್ದನ್ನು ಒಪ್ಪುತ್ತೇನೆ. ಸವಾರಿಯ ದೃಷ್ಟಿಯಿಂದ ಎರಡು ವಿಷಯ ಸೇರಿಸಬೇಕು. ಬಿದ್ದಾಗ ಚರ್ಮ ತಡೆಯುವುದು ಉಜ್ಜುವಿಕೆಯನ್ನು ಮಾತ್ರ, ಪೆಟ್ಟನ್ನಲ್ಲ. ಪೆಟ್ಟಿಗೆ ಹೆಗಲು ಮತ್ತು ಮೊಣಕೈಗಳಲ್ಲಿ ರಕ್ಷಾಪಟ್ಟಿ ಬೇಕು. ಅದರ ಮೇಲೆ ಇಎನ್ 1621-1 ಎಂಬ ಯುರೋಪಿನ ಮಾನಕದ ಗುರುತು ಇರುತ್ತದೆ. ಮೊದಲನೆಯ ಹಂತದ್ದು ಪರೀಕ್ಷೆಯಲ್ಲಿ ಸರಾಸರಿ 35 ಕಿಲೋನ್ಯೂಟನ್‌ವರೆಗಿನ ಬಲವನ್ನು ಒಳಗೆ ಬಿಡಬಹುದು, ಎರಡನೆಯ ಹಂತದ್ದು 20ಕ್ಕಿಂತ ಹೆಚ್ಚು ಬಿಡಬಾರದು. ಹೊಲಿಸುವಾಗ ಒಳಗಡೆ ಅದನ್ನು ಸೇರಿಸಿ ತೆಗೆಯಲು ಬರುವಂತೆ ಜೇಬು ಇಡಿಸಿಕೊಂಡರೆ ಕೆಲಸದ ಹೊತ್ತಿನಲ್ಲಿ ತೆಗೆದಿಡಬಹುದು, ಹೊರಡುವಾಗ ಹಾಕಿಕೊಳ್ಳಬಹುದು.

ಎರಡನೆಯದು ಮಳೆ. ತಾಮ್ಹಿಣಿ ಘಾಟಿಯ ಮಳೆಯಲ್ಲಿ ಯಾವ ಚರ್ಮವೂ ನೀರು ತಡೆಯುವುದಿಲ್ಲ. ನೆನೆದ ಚರ್ಮ ಭಾರವಾಗುತ್ತದೆ, ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ, ಒಣಗಲು ದಿನಗಟ್ಟಲೆ ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಮೇಲೆ ಸಡಿಲವಾದ ರೇನ್‌ಕೋಟು ಇರಲೇಬೇಕು.

ನನ್ನದೊಂದು ಬೇರೆ ಸಲಹೆಯೂ ಇದೆ. ಮೇಣ ಹಚ್ಚಿದ ದಪ್ಪ ಕ್ಯಾನ್ವಾಸಿನ ಜಾಕೆಟ್ ಏಕಾಗಬಾರದು? ಹಗುರ, ತೊಳೆಯಬಹುದು, ಹರಿದರೆ ತೇಪೆ ಹಾಕಬಹುದು.

ಭೋಸರಿ ಸುರಕ್ಷತೆ (ಪಿಂಪ್ರಿ-ಚಿಂಚವಡ)

ಸವಾರರೇ, ಬೇಲಿ ಕೆಲಸಕ್ಕೆ ಮಾತ್ರವಾಗಿದ್ದರೆ ಕ್ಯಾನ್ವಾಸ್ ಒಳ್ಳೆಯ ಆಯ್ಕೆಯೇ. ಆದರೆ ಪ್ರಶ್ನೆ ಕೇಳಿದವರು ಬೆಸುಗೆಯನ್ನೂ ಹಾಕುತ್ತಾರೆ, ಮೇಣ ಹಚ್ಚಿದ ಬಟ್ಟೆಯ ಮೇಲೆ ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತದೆ. ನಾನು ಹಿಂದೆ ಬಾಕಿ ಇಟ್ಟ ಮಾತು ಇದೇ ಆಗಿತ್ತು, ಈ ಚರ್ಚೆಯಲ್ಲಿ ಇದು ಎಲ್ಲಕ್ಕಿಂತ ಮುಖ್ಯ ಎಂದು ನನ್ನ ಅಭಿಪ್ರಾಯ.

ಕಾಡುಮೇಡಿನಲ್ಲಿ ತೊಡುವ ಜಾಕೆಟ್ಟನ್ನು ವರ್ಷಗಟ್ಟಲೆ ಉಳಿಸಬೇಕೆಂದರೆ ಅದಕ್ಕೆ ಎಣ್ಣೆ, ಮೇಣ ಉಣ್ಣಿಸುತ್ತಲೇ ಇರಬೇಕು. ಬೆಸುಗೆಯ ಜಾಕೆಟ್ಟಿಗೆ ಎಣ್ಣೆ, ಗ್ರೀಸ್, ಮೇಣ ಏನೂ ತಾಗಿರಬಾರದು. ಎಣ್ಣೆ ಹೀರಿದ ಚರ್ಮ ಕಿಡಿಗೆ ಹೊಗೆಯಾಡಿ ಹೊತ್ತಿಕೊಳ್ಳುವ ಅಪಾಯವಿದೆ. ಅಂದರೆ ಒಂದರ ಆರೈಕೆಯೇ ಇನ್ನೊಂದರ ಅಪಾಯ. ಸವಾರಿಯ ಜಾಕೆಟ್ಟಿನ ಅಸ್ತರು ಸಾಮಾನ್ಯವಾಗಿ ಪಾಲಿಯೆಸ್ಟರ್. ಕರಗಿದ ಲೋಹದ ಹನಿ ಕೊರಳ ಸಂದಿಯಲ್ಲಿ ಇಳಿದರೆ ಅದು ಕರಗಿ ಮೈಗೆ ಅಂಟಿಕೊಳ್ಳುತ್ತದೆ. ತೆರೆದ ಜೇಬು, ಮಡಚಿದ ತೋಳಂಚು ಕಿಡಿಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಲೋಹದ ಜಿಪ್ ಕಾಯುತ್ತದೆ, ವಿದ್ಯುತ್ತಿಗೂ ದಾರಿಯಾಗುತ್ತದೆ. ಬೆವರಿನಿಂದಲೋ ಮಳೆಯಿಂದಲೋ ನೆನೆದ ಚರ್ಮ ವಿದ್ಯುತ್ತನ್ನು ತಡೆಯುವುದಿಲ್ಲ ಎಂಬುದನ್ನು ನಮ್ಮ ಹುಡುಗರಿಗೆ ನಾನು ಮತ್ತೆ ಮತ್ತೆ ಹೇಳುತ್ತಲೇ ಇರುತ್ತೇನೆ.

ಬೆಸುಗೆಗೆ ಬೇಕಾದದ್ದು ಕ್ರೋಮ್ ಹದದ ಸ್ಪ್ಲಿಟ್ ಚರ್ಮ, ಕೊರಳವರೆಗೆ ಮುಚ್ಚುವ ಕಾಲರು, ಪಟ್ಟಿಯಿಂದ ಮುಚ್ಚಿದ ಟಿಚ್ ಬಟನ್, ಬೆಂಕಿಗೆ ತಾಳುವ ದಾರದ ಹೊಲಿಗೆ. ಐಎಸ್‌ಓ 11611 ಎಂಬ ಮಾನಕದಲ್ಲಿ ಇದಕ್ಕೆ ಎರಡು ದರ್ಜೆಗಳಿವೆ. ಕಿಡಿ ಮತ್ತು ಶಾಖ ಕಡಿಮೆ ಇರುವ ಕೆಲಸಕ್ಕೆ ಒಂದನೆಯದು, ಹೆಚ್ಚು ಇರುವುದಕ್ಕೆ ಎರಡನೆಯದು. ನಿಮಗೆ ಪೂರ್ತಿ ಜಾಕೆಟ್ಟೂ ಬೇಕಿಲ್ಲ. ಹೆಗಲಿಂದ ಮಣಿಕಟ್ಟಿನವರೆಗೆ ಬರುವ ಸ್ಪ್ಲಿಟ್ ಚರ್ಮದ ತೋಳುಗವಸು ಮತ್ತು ಎದೆಗೆ ಏಪ್ರನ್ ತೆಗೆದುಕೊಂಡರೆ ಗೇಟಿನ ಕೆಲಸಕ್ಕೆ ಸಾಕು. ಒಳಗೆ ದಪ್ಪ ಹತ್ತಿಯ ಅಂಗಿ ಇರಲಿ. ತಲೆಯ ಮೇಲೆ ಬೆಸುಗೆ ಹಾಕುವ ಸಂದರ್ಭ ಬಂದರೆ ಮಾತ್ರ ಪೂರ್ತಿ ಜಾಕೆಟ್ ಬೇಕು.

ಇನ್ನೊಂದು ಮಾತು. ದಪ್ಪ ಚರ್ಮ ತೊಟ್ಟವರು ಗ್ರೈಂಡರಿನ ಚಕ್ರಕ್ಕೂ ಮರ ಕೊಯ್ಯುವ ಯಂತ್ರದ ಗರಗಸಕ್ಕೂ ಹೆದರಬೇಕಿಲ್ಲ ಎಂದುಕೊಳ್ಳುತ್ತಾರೆ. ಅವೆರಡನ್ನೂ ಯಾವ ಚರ್ಮವೂ ತಡೆಯಲಾರದು. ತೂಗಾಡುವ ಸೊಂಟದ ಪಟ್ಟಿ, ದಾರ, ಬಕಲ್ ಇರುವ ಜಾಕೆಟ್ ತೊಟ್ಟು ತಿರುಗುವ ಯಂತ್ರದ ಹತ್ತಿರ ಹೋಗಲೇಬೇಡಿ.

ಮುಳ್ಳುತಂತಿ (ಪುಣೆ)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂದೇ ಜಾಕೆಟ್ಟಿನಲ್ಲಿ ಮೂರೂ ಕೆಲಸ ಆಗಬೇಕೆಂಬ ಪಟ್ಟನ್ನು ಬಿಡುತ್ತೇನೆ. ಬೆಸುಗೆಗೆ ತೋಳುಗವಸು ಮತ್ತು ಏಪ್ರನ್, ಬೇಲಿಗೂ ಸವಾರಿಗೂ ಚರ್ಮದ ಜಾಕೆಟ್. ಈಗ ಹೊಲಿಗೆಯ ಬಗ್ಗೆ ಧಾರಾವಿಯ ಅಣ್ಣನವರು ಬರೆದರೆ ಉಪಕಾರವಾಗುತ್ತದೆ. ಪುಣೆಯ ಏಪ್ರಿಲ್, ಮೇ ಬಿಸಿಲಿನಲ್ಲಿ ಇದನ್ನು ತೊಟ್ಟು ಕೆಲಸ ಮಾಡಲು ಆಗುತ್ತದೆಯೇ ಎಂಬ ಸಂದೇಹವೂ ಇದೆ. ಹಳೆಯ ಬಜಾರಿನಲ್ಲಿ ಬಳಸಿದ ವಿದೇಶಿ ಜಾಕೆಟ್ಟುಗಳು ಸಿಗುತ್ತವೆ ಎಂದು ಗೆಳೆಯರು ಹೇಳುತ್ತಾರೆ, ಅದರ ಬಗ್ಗೆಯೂ ತಿಳಿಸಿ.

ಧಾರಾವಿ ಸೂಜಿ (ಮುಂಬಯಿ)

ಹೊಲಿಗೆಯಿಂದ ಆರಂಭಿಸುತ್ತೇನೆ, ಏಕೆಂದರೆ ಒಳ್ಳೆಯ ಚರ್ಮದ ಜಾಕೆಟ್ ಸಾಯುವುದು ಚರ್ಮದಿಂದಲ್ಲ, ಹೊಲಿಗೆ ಮತ್ತು ಜಿಪ್ಪಿನಿಂದ. ಬಟ್ಟೆಯಲ್ಲಿ ಸೂಜಿ ಎಳೆಗಳನ್ನು ಸರಿಸಿ ಹೋಗುತ್ತದೆ, ಚರ್ಮದಲ್ಲಿ ಶಾಶ್ವತವಾದ ತೂತು ಮಾಡುತ್ತದೆ. ಹೊಲಿಗೆ ಹತ್ತಿರ ಹತ್ತಿರ ಹಾಕಿದರೆ ಗಟ್ಟಿ ಎಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಚರ್ಮವು ಆ ಸಾಲಿನ ಉದ್ದಕ್ಕೂ ಅಂಚೆ ಚೀಟಿಯ ಅಂಚಿನಂತೆ ಹರಿದುಕೊಳ್ಳುತ್ತದೆ. 1.2 ಮಿಲಿಮೀಟರ್ ಚರ್ಮಕ್ಕೆ ಒಂದು ಅಂಗುಲಕ್ಕೆ ಆರರಿಂದ ಎಂಟು ಹೊಲಿಗೆ ಸರಿಯಾದದ್ದು. ದಾರ ಬಾಂಡೆಡ್ (ಎಳೆಗಳು ಬಿಚ್ಚಿಕೊಳ್ಳದಂತೆ ಲೇಪನ ಕೊಟ್ಟ) ನೈಲಾನ್ ಅಥವಾ ಪಾಲಿಯೆಸ್ಟರ್ ಇರಲಿ. ಬಿಸಿಲಿನಲ್ಲಿ ಹೆಚ್ಚು ಇರುವವರಿಗೆ ಪಾಲಿಯೆಸ್ಟರ್ ಮೇಲು. ಹತ್ತಿಯ ದಾರ ಬೆವರಿಗೆ ಕೊಳೆಯುತ್ತದೆ.

ಹೆಗಲು, ತೋಳಿನ ಸುತ್ತು, ಪಕ್ಕೆಯ ಜೋಡಣೆಗಳಲ್ಲಿ ಒಂದರ ಅಂಚನ್ನು ಇನ್ನೊಂದರ ಮೇಲೆ ಮಡಚಿ ಎರಡು ಸಾಲು ಹೊಲಿದಿರಬೇಕು. ಒಳಗಡೆ ಹಿಗ್ಗದ ಟೇಪ್ ಕೊಟ್ಟಿರಬೇಕು, ಇಲ್ಲದಿದ್ದರೆ ತಂತಿಯ ಸುರುಳಿ ಹೊತ್ತು ಹೊತ್ತು ಹೆಗಲು ಜೋಲುತ್ತದೆ. ಸುರುಳಿ ಕೂರುವ ಹೆಗಲಿನ ಮೇಲೆ ಮತ್ತು ಮೊಣಕೈ ಮೇಲೆ ಇನ್ನೊಂದು ಪದರ ಚರ್ಮ ಹಾಕಿಸಿ, ಸವೆದಾಗ ಅದನ್ನಷ್ಟೇ ಬದಲಿಸಬಹುದು. ಬೆನ್ನಿನ ಎರಡೂ ಬದಿಯಲ್ಲಿ ನೆರಿಗೆ, ಕಂಕುಳಲ್ಲಿ ಅಗಲಪಟ್ಟಿ ಇಡಿಸಿದರೆ ಕೈ ಎತ್ತಿ ಸುತ್ತಿಗೆ ಬೀಸುವಾಗ ಜಾಕೆಟ್ ಸೊಂಟದಿಂದ ಮೇಲಕ್ಕೆ ಏರುವುದಿಲ್ಲ.

ಜಿಪ್ ಹಿತ್ತಾಳೆಯದ್ದು, 8 ಅಥವಾ 10ನೆಯ ಅಳತೆಯದ್ದು. ಮೇಲೆ ಹಿತ್ತಾಳೆಯ ಬಣ್ಣ ಮಾತ್ರ ಇರುವ ಅಗ್ಗದ ಲೋಹದ ಜಿಪ್ಪುಗಳೂ ಮಾರುಕಟ್ಟೆಯಲ್ಲಿವೆ. ಹೆಸರುವಾಸಿ ಕಂಪನಿಗಳ ಮುದ್ರೆ ಒತ್ತಿದ ನಕಲಿಗಳೂ ಬಹಳ ಇರುವುದರಿಂದ, ಎಳೆಯುವ ಕೊಂಡಿಯನ್ನು ಮಾತ್ರ ನೋಡದೆ ಹಲ್ಲುಗಳನ್ನು ಬೆರಳಿನಿಂದ ಸವರಿ, ಸಾಲು ಒಂದೇ ಸಮನಾಗಿದೆಯೇ ಎಂದು ನೋಡಬೇಕು.

ಹೊಲಿಸುವವರು ಕೇಳದೆ ಬಿಡುವ ಒಂದು ಸಂಗತಿ ಇದೆ. ಒಂದೇ ತೊಗಲಿನಲ್ಲಿ ಬೆನ್ನುಹುರಿಯ ಆಚೀಚಿನ ಭಾಗ ಬಿಗಿ, ಹೊಟ್ಟೆಯ ಭಾಗ ಸಡಿಲ. ಚರ್ಮ ಉಳಿಸಬೇಕೆಂದು ಹೊಟ್ಟೆಯ ಭಾಗದಲ್ಲಿ ತೋಳು ಕತ್ತರಿಸಿದರೆ ಆರು ತಿಂಗಳಲ್ಲಿ ಮೊಣಕೈ ಚೀಲವಾಗುತ್ತದೆ. ಕತ್ತರಿಸುವ ಮುನ್ನ ಚರ್ಮವನ್ನು ನೋಡಲು ಬರುತ್ತೇನೆ ಎಂದು ಹೇಳಿ, ಮೇಲ್ಮೈಯನ್ನು ಒಳಕ್ಕೆ ಮಾಡಿ ಮಡಚಿ ನೋಡಿ. ಸಣ್ಣ, ಒತ್ತಾದ ಸುಕ್ಕು ಬಿದ್ದರೆ ಬಿಗಿ ಚರ್ಮ. ಮೇಲ್ಪದರ ಕೊಳವೆಯಂತೆ ದಪ್ಪವಾಗಿ ಎದ್ದರೆ ಸಡಿಲ. ಉಣ್ಣಿ ಹುಳು ಕಚ್ಚಿದ ಗುರುತು, ವಾಸಿಯಾದ ಗೀರು ಇದ್ದರೆ ತಿರಸ್ಕರಿಸಬೇಡಿ. ಮೇಲ್ಮೈಯನ್ನು ಉಜ್ಜಿಲ್ಲ ಎಂಬುದಕ್ಕೆ ಅವೇ ಸಾಕ್ಷಿ.

ಬಳಸಿದ ಜಾಕೆಟ್ಟುಗಳಲ್ಲಿ ಒಳ್ಳೆಯವೂ ಸಿಗುತ್ತವೆ. ಕಂಕುಳು ಮತ್ತು ಕಾಲರನ್ನು ಮಡಚಿ ನೋಡಿ. ಬಿರುಕು ಕಂಡರೆ ಅಥವಾ ಹೊಲಿಗೆಯ ತೂತುಗಳು ಉದ್ದವಾಗಿದ್ದರೆ ಬೇಡ.

ಭೋಸರಿ ಸುರಕ್ಷತೆ (ಪಿಂಪ್ರಿ-ಚಿಂಚವಡ)

ಬೇಸಿಗೆಯ ಬಗ್ಗೆ ನಾನು ಉತ್ತರಿಸುತ್ತೇನೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಪೂರ್ತಿ ಜಾಕೆಟ್ ತೊಟ್ಟು ಕಂಬ ನೆಡಬೇಡಿ. ಬೆವರು ಆರದೆ ಮೈಯ ಶಾಖ ಏರಿ ತಲೆ ಸುತ್ತುತ್ತದೆ, ತಲೆ ಸುತ್ತಿದವನ ಕೈಯಲ್ಲಿ ಬಿಗಿದ ತಂತಿ ಇರುವುದು ಮುಳ್ಳಿಗಿಂತ ದೊಡ್ಡ ಅಪಾಯ. ಆ ತಿಂಗಳುಗಳಲ್ಲಿ ಹತ್ತಿಯ ಅಂಗಿಯ ಮೇಲೆ ತೋಳುಗವಸು ಮಾತ್ರ ತೊಡಿ, ಮುಳ್ಳಿನ ಕೆಲಸವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ. ಬೆಸುಗೆಗೆ ಒಂದು ಜೊತೆ, ಬೇಲಿಗೆ ಇನ್ನೊಂದು ಜೊತೆ ಬೇರೆ ಬೇರೆ ಇರಲಿ. ಅಸ್ತರು ಹತ್ತಿಯದ್ದೇ ಇರಲಿ. ಜಾಲಿಯ ಉದ್ದ ಮುಳ್ಳು ನೆಟ್ಟಗೆ ಒತ್ತಿದರೆ 1.2 ಮಿಲಿಮೀಟರ್ ಚರ್ಮವನ್ನೂ ದಾಟಬಲ್ಲದು, ಆದ್ದರಿಂದ ಪೊದೆಯನ್ನು ಮೈಯಿಂದ ನೂಕಿಕೊಂಡು ಹೋಗದೆ ಕತ್ತಿಯಿಂದ ಸವರಿಕೊಂಡೇ ಮುಂದೆ ಹೋಗಬೇಕು.

ವಾಸ್ಕೋ ಉಪ್ಪುಗಾಳಿ (ಗೋವಾ)

ಮುರಗಾಂವ ಬಂದರಿನ ಬಳಿ ಹೊರಾಂಗಣ ಕೆಲಸದಲ್ಲಿರುವವನು ನಾನು. ಕೊಳ್ಳುವ ಬಗ್ಗೆ ಎಲ್ಲ ಬರೆದಿದ್ದಾರೆ, ಉಳಿಸಿಕೊಳ್ಳುವ ಬಗ್ಗೆ ಗೋವೆಯ ಹವೆಯಲ್ಲಿ ಬಾಳುವವರಿಗೆ ಹೇಳಲು ಬಹಳ ಇದೆ.

ನೆನೆದ ಜಾಕೆಟ್ಟನ್ನು ಬಿಸಿಲಿಗೆ, ಒಲೆಯ ಹತ್ತಿರಕ್ಕೆ, ಬೈಕಿನ ಸೈಲೆನ್ಸರ್ ಬಳಿಗೆ ಒಯ್ಯಬಾರದು. ಬೇಗ ಒಣಗಿದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಚರ್ಮ ಹಲಗೆಯಾಗುತ್ತದೆ. ಬಟ್ಟೆಯಿಂದ ಒತ್ತಿ ನೀರು ತೆಗೆದು, ಅಗಲ ಹೆಗಲಿನ ಮರದ ಹ್ಯಾಂಗರಿಗೆ ತೂಗುಹಾಕಿ, ಫ್ಯಾನಿನ ಗಾಳಿಗೆ ನೆರಳಲ್ಲಿ ನಿಧಾನವಾಗಿ ಒಣಗಿಸಿ. ಸ್ವಲ್ಪ ತೇವ ಉಳಿದಿರುವಾಗಲೇ ತೆಳುವಾಗಿ ಕಂಡೀಷನರ್ ಹಚ್ಚಿ. ಬೆವರಿನ ಉಪ್ಪು ಕೂರುವ ಕಾಲರ್ ಮತ್ತು ಕಂಕುಳನ್ನು ಒದ್ದೆ ಬಟ್ಟೆಯಿಂದ ಆಗಾಗ ಒರೆಸಬೇಕು. ಸಮುದ್ರದ ಗಾಳಿಯಿರುವ ಕಡೆ ಜಿಪ್ಪಿನ ಹಲ್ಲಿಗೆ ಜೇನುಮೇಣ ಸವರಿದರೆ ಹಸಿರುಗಟ್ಟುವುದಿಲ್ಲ.

ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. ಒಳಗೆ ತೇವ ಸಿಕ್ಕಿಕೊಂಡು ಬೂಷ್ಟು ಬರುತ್ತದೆ. ಹಳೆಯ ಹತ್ತಿಯ ಬೆಡ್‌ಶೀಟ್ ಹೊದಿಸಿ, ಗಾಳಿಯಾಡುವಲ್ಲಿ ತೂಗುಹಾಕಿ. ನುಸಿ ಗುಳಿಗೆ ಹುಳಕ್ಕೆ ಸರಿ, ಬೂಷ್ಟಿಗೆ ಅಲ್ಲ. ಬೂಷ್ಟು ಬಂದರೆ ಮನೆಯ ಹೊರಗೆ ಒಣ ಬ್ರಷ್ಷಿನಿಂದ ಉಜ್ಜಿ, ಸ್ಪಿರಿಟ್ಟಿಗೆ ಅಷ್ಟೇ ನೀರು ಬೆರೆಸಿ, ಕಾಣದ ಮೂಲೆಯಲ್ಲಿ ಬಣ್ಣ ಬಿಡುತ್ತದೆಯೇ ಎಂದು ನೋಡಿಕೊಂಡು ಒರೆಸಿ.

ಅಥಣಿಯವಳು (ಮುಂಬಯಿ)

ಕೊಬ್ಬರಿ ಎಣ್ಣೆಯ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ, ಆದ್ದರಿಂದ ಮೊದಲೇ ಬರೆದುಬಿಡುತ್ತೇನೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಪುಣೆಯ ಡಿಸೆಂಬರ್ ರಾತ್ರಿಗಳಲ್ಲಿ ಚರ್ಮದ ಮೇಲೆ ಬಿಳಿಯ ಪುಡಿಯಂತೆ ಏಳುತ್ತದೆ, ಜನ ಅದನ್ನು ಬೂಷ್ಟು ಎಂದುಕೊಂಡು ಗಾಬರಿಯಾಗುತ್ತಾರೆ. ಅಂಗೈಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ: ಕರಗಿ ಮಾಯವಾದರೆ ಕೊಬ್ಬು, ಉಳಿದರೆ ಬೂಷ್ಟು. ಕೊಬ್ಬರಿ ಎಣ್ಣೆಗಿಂತ ಜೇನುಮೇಣ ಮತ್ತು ಲ್ಯಾನೊಲಿನ್ (ಕುರಿಯ ಉಣ್ಣೆಯ ಜಿಡ್ಡು) ಸೇರಿದ ಮುಲಾಮು ಉತ್ತಮ. ಅದನ್ನೂ ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಮತ್ತು ಮಳೆ ಮುಗಿದ ಮೇಲೆ, ಬೆರಳ ತುದಿಯಷ್ಟೇ ತೆಗೆದುಕೊಂಡು ಹಚ್ಚಬೇಕು. ಹೆಚ್ಚು ಎಣ್ಣೆ ಕುಡಿದ ಚರ್ಮ ಸಡಿಲವಾಗುತ್ತದೆ, ಬೂಷ್ಟಿಗೆ ಅದೇ ಊಟವಾಗುತ್ತದೆ.

ಮುಳ್ಳುತಂತಿ (ಪುಣೆ)

ಹೊಲಿಸುವುದೆಂದು ತೀರ್ಮಾನಿಸಿದ್ದೇನೆ. ಹೆಗಲು, ಬೆನ್ನು ಎಮ್ಮೆ, ಪಕ್ಕೆ ಆಡು, ಎರಡೂ ಕ್ರೋಮ್ ಹದ, ಹತ್ತಿಯ ಅಸ್ತರು, ರಕ್ಷಾಪಟ್ಟಿಗೆ ಒಳಜೇಬು. ಗಿಡದ ಹದದ ಆಸೆಯನ್ನು ಸೊಂಟದ ಪಟ್ಟಿಯಲ್ಲಿ ತೀರಿಸಿಕೊಳ್ಳುತ್ತೇನೆ. ಧಾರಾವಿಯ ಅಣ್ಣನವರೇ, ಅಳತೆ ಕೊಡಲು ಯಾವಾಗ ಬರುವುದು ಒಳ್ಳೆಯದು, ಬರುವಾಗ ಏನು ತರಬೇಕು?

ಧಾರಾವಿ ಸೂಜಿ (ಮುಂಬಯಿ)

ನನ್ನ ಬಳಿಯೇ ಹೊಲಿಸಬೇಕೆಂದಿಲ್ಲ. ಸಾಯನ್-ಬಾಂದ್ರಾ ಲಿಂಕ್ ರಸ್ತೆಯುದ್ದಕ್ಕೂ ಚರ್ಮದ ಅಂಗಡಿಗಳಿವೆ, ನಾಲ್ಕು ಕಡೆ ಚರ್ಮ ಮುಟ್ಟಿ ನೋಡಿ, ಯಾರು ತೊಗಲನ್ನು ಬಿಡಿಸಿ ತೋರಿಸುತ್ತಾರೋ ಅವರಿಗೆ ಕೊಡಿ. ಮಳೆ ಮುಗಿದು ಗಾಳಿ ಒಣಗಿದ ಮೇಲೆ, ದೀಪಾವಳಿಯ ಗದ್ದಲ ಕಳೆದ ನಂತರ ಬನ್ನಿ; ತೇವದಲ್ಲಿ ಚರ್ಮ ಹಿಗ್ಗಿರುತ್ತದೆ, ಆಗ ಕತ್ತರಿಸಿದ್ದು ಬೇಸಿಗೆಯಲ್ಲಿ ಬಿಗಿಯಾಗುತ್ತದೆ. ಕೆಲಸದಲ್ಲಿ ತೊಡುವ ದಪ್ಪ ಅಂಗಿಯನ್ನೇ ತೊಟ್ಟು, ಉಪಕರಣದ ಪಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ರಕ್ಷಾಪಟ್ಟಿಗಳನ್ನು ಜೊತೆಗೆ ತಂದು ಅಳತೆ ಕೊಡಿ. ನಿಂತು ಒಮ್ಮೆ, ಕೈಗಳನ್ನು ಬೈಕಿನ ಹ್ಯಾಂಡಲ್ ಹಿಡಿದಂತೆ ಮುಂದೆ ಚಾಚಿ ಇನ್ನೊಮ್ಮೆ ತೋಳಿನ ಉದ್ದ ಅಳೆಯುವಂತೆ ಕೇಳಿ. ಎರಡನೆಯ ಅಳತೆಯನ್ನೇ ಬರೆದುಕೊಳ್ಳಲಿ. ಕತ್ತರಿಸಿ ಉಳಿದ ಚರ್ಮದಲ್ಲಿ ಎರಡು ಅಂಗೈ ಅಗಲದ ತುಂಡುಗಳನ್ನು ಮರೆಯದೆ ಇಸಿದುಕೊಳ್ಳಿ, ಮುಂದೆ ತೇಪೆಗೆ ಅದೇ ತೊಗಲು ಬೇಕಾಗುತ್ತದೆ.